ಲಗಮಣ್ಣ ತಂದ ನೀಲಿ ಡ್ರಮ್ಮು

"ಬಾಯಿ ಬಿಡು, ಅಣ್ಣಾ! ಆ ಡ್ರಮ್ಮಿನಾಗ ಮೊದಲ ಏನ ಇತ್ತು?" ಕಬ್ಬು ಕಡಿಯುವ ಬಾಳವ್ವ ಕುಡುಗೋಲು ಹಿಡಿದೇ ಕೂಗಿದಳು.

"ಪನ್ನೀರ ಇತ್ತು! ನಿನಗ್ಯಾಕವಾ ತಂಗಿ ಅದರ ಉಸಾಬರಿ? ಬೂದಿ ಹಚ್ಚಿ ತಿಕ್ಕೇನಿ. ನಿಮ್ಮ ಮನಿ ಕೊಡಾನೂ ಇಷ್ಟ ಸ್ವಚ್ಛ ಇಲ್ಲ!" ಅವಳ ಟೋಳಿಯನ್ನು ಊರೂರಿಗೆ ಕೆಲಸಕ್ಕೆ ಕರೆದೊಯ್ಯುವ ಮುಕಾದಮ ಲಗಮಣ್ಣನೂ ಬಿಡಲಿಲ್ಲ.

ಆ ಡ್ರಮ್ಮು ನಾನೇ.

ಕಾರ್ಖಾನೆಯ ಅಚ್ಚಿನಲ್ಲಿ ಬಿಸಿಬಿಸಿಯಾಗಿ ಹುಟ್ಟಿದೆ. ನನ್ನ ಹೊಟ್ಟೆಗೆ ಕಳೆನಾಶಕ ಸುರಿದು, ಎದೆಯ ಮೇಲೆ ತಲೆಬುರುಡೆಯ ಚಿತ್ರ ಅಂಟಿಸಿದರು. ಹೊಲದವರು ಅದನ್ನು ಔಷಧ ಅನ್ನುತ್ತಾರೆ. ನಾನು ವಿಷ ಅನ್ನುತ್ತೇನೆ. ಆ ಚಿತ್ರ ಇರುವತನಕ ನನಗೆ ನೆಮ್ಮದಿಯಿತ್ತು. ಜನ ದೂರ ನಿಲ್ಲುತ್ತಿದ್ದರು. ಖಾಲಿಯಾದ ಮೇಲೆ ಗುಜರಿ ಸೇರಿದೆ. ಲಗಮಣ್ಣ ಅಲ್ಲಿಂದ ನನ್ನನ್ನು ಎತ್ತಿನ ಗಾಡಿಗೆ ಕಟ್ಟಿ ತಂದ, ಚಿತ್ರ ಕೆರೆದು ತೆಗೆದ, ಬೂದಿಯಿಂದ ತಿಕ್ಕಿದ. ವಾಸನೆ ಹೋಯಿತು. ಆದರೆ ನನ್ನ ಪ್ಲಾಸ್ಟಿಕ್ ಮೈಯೇ ವಿಷ ಹೀರಿಕೊಂಡಿತ್ತು. ಯಾರಾದರೂ ಮುಚ್ಚಳ ತೆರೆದರೆ ಸಾಕು, ನಡುಗುತ್ತಿದ್ದೆ.

ಹೊಸ ಜಾಗದಲ್ಲಿ ಗುಡಿಸಲು ಹಾಕಿದರೆ ಮೊದಲ ನೀರು ಎತ್ತಿಗೆ. ಎತ್ತು ಕುಡಿದ ಮೇಲೆಯೇ ಮಂದಿ ಕುಡಿಯುವುದು ಆ ಟೋಳಿಯ ಪದ್ಧತಿ. ಎತ್ತು ನನ್ನ ನೀರನ್ನು ಮೂಸಿತು, ಬುಸುಗುಟ್ಟಿ ಮುಖ ತಿರುಗಿಸಿತು. ಬದುಕಿದೆ ಅಂದುಕೊಂಡೆ. ಆದರೆ ಟ್ಯಾಂಕರಿನವನು ನೀರು ತುಂಬಿಸಿ ಹೋಗಿಯಾಗಿತ್ತು. ಚೆಲ್ಲಿದರೆ ಬೇರೆ ನೀರಿಲ್ಲ. ಲಗಮಣ್ಣ ಬಕೆಟ್ಟಿಗೆ ಬೆಲ್ಲ ಕದಡಿದ. ಎತ್ತು ಚಪ್ಪರಿಸಿ ಕುಡಿಯಿತು.

"ನೋಡ್ರೋ, ಬಸವಣ್ಣ ಒಪ್ಪಿದ!" ಎಂದು ನಕ್ಕ. ತಾನೂ ಕುಡಿದ. ಮಂದಿಯೂ ನಕ್ಕು ಚರಿಗೆ ತುಂಬಿಕೊಂಡರು.

ಬಾಳವ್ವ ಮಾತ್ರ ಮಗಳು ಸುರೇಖಾಳಿಗೆ ಇದನ್ನು ಮುಟ್ಟಬೇಡ ಎಂದು ಗದರಿಸಿ, ದೂರದ ಕಾಲುವೆಗೆ ಕೊಡ ಹೊತ್ತು ಹೋದಳು.

ಮರುದಿನ ಎತ್ತು ಏಳಲಿಲ್ಲ. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಅದಕ್ಕೇ ಈ ಜಗಳ.

"ಅವ್ವಾ," ಸುರೇಖಾ ತಾಯಿಯ ಸೆರಗು ಜಗ್ಗಿದಳು. "ನೀ ಕಾಲುವಿಗೆ ಹೋದಾಗ ನಾನೂ ಕುಡದೀನಿ. ಬಕೆಟ್ಟಿನಾಗ ಉಳದಿತ್ತು. ಸಿಹಿ ಇತ್ತು."

ಬಾಳವ್ವ ಮತ್ತೆ ಕೂಗಲಿಲ್ಲ. "ಅಣ್ಣಾ, ಡಾಕ್ಟರಿಗೆ ಹೇಳಬೇಕು. ಏನ ಇತ್ತು?"

"ಕಳಿ ಸುಡೂ ಔಷಧ," ಎಂದ ಲಗಮಣ್ಣ, ನೆಲ ನೋಡುತ್ತ.

ಅವಳು ಕುಡುಗೋಲು ಬಿಸಾಡಿ, ಮಗಳನ್ನು ಹೆಗಲಿಗೆ ಹಾಕಿಕೊಂಡು ಡಾಂಬರು ರಸ್ತೆಯ ಕಡೆ ಹೊರಟಳು. ಉಳಿದವರು ತಾವೂ ಕುಡಿದದ್ದು ನೆನಪಾಗಿ ತಮ್ಮ ತಮ್ಮ ಕೈಕಾಲು ನೋಡಿಕೊಳ್ಳುತ್ತ ಕೂತರು.

ಕೆಲವು ದಿನ ಕಳೆದ ಮೇಲೆ ಟೋಳಿ ಗುಡಿಸಲು ಕಿತ್ತುಕೊಂಡು ಹೋಯಿತು. ಹೋಗುವ ಮುಂಚೆ ಲಗಮಣ್ಣ ನನ್ನ ತಳಕ್ಕೆ ಕೊಡಲಿ ಹಾಕಿ ಬದುವಿಗೆ ಎಸೆದ. ಒಳ್ಳೆಯದೇ ಮಾಡಿದ, ಇನ್ನು ನನ್ನಲ್ಲಿ ಹನಿ ನೀರೂ ನಿಲ್ಲುವುದಿಲ್ಲ. ಬಿಸಿಲಿಗೆ ಬಿರಿಯುತ್ತ ಬಿದ್ದಿದ್ದೇನೆ. ರಸ್ತೆಯಲ್ಲಿ ಯಾವ ಹೆಂಗಸು ಮಗು ಎತ್ತಿಕೊಂಡು ಬಂದರೂ ನೋಡುತ್ತೇನೆ. ಬಾಳವ್ವ ತಿರುಗಿ ಬರಲೇ ಇಲ್ಲ.