ಬಲಕ್ಕೆ ನಾಲ್ಕು

ಸೊಸೆಯಾದವಳು ಗಂಡನ ಅಣ್ಣನಿಗೆ ಎದುರಾಡಬಾರದು. ಶುಚಿನ್ಸ್ಕ್ ಊರಿನ ಮನೆಗಳಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಕುಡಿದ ಹಾಲಿನ ಜೊತೆಗೇ ಹೊಟ್ಟೆ ಸೇರಿರುತ್ತದೆ. ಉಲ್ಬೋಸಿನ್‌ಳ ಗ್ರಹಚಾರ ನೋಡಿ, ಹಿಮದ ಮೇಲೆ ಸ್ಕೀಯಲ್ಲಿ ಓಡಿ, ನಡುನಡುವೆ ಗುರಿಗೆ ಗುಂಡು ಹೊಡೆಯುವ ಬಯಾಥ್ಲಾನ್ ಆಟದಲ್ಲಿ ಆ ಭಾವ ಬೆರ್ದಿಬೆಕ್‌ನೇ ಅವಳ ಕೋಚ್. ಇನ್ನೂ ಚೆಂದವೆಂದರೆ, ಭಾವನ ಮಗಳು ಅಕ್ಮಾರಲ್ ಕೂಡ ಅದೇ ತಂಡದವಳು. ಒಲಿಂಪಿಕ್ಸ್‌ಗೆ ಉಳಿದಿದ್ದದ್ದು ಒಂದೇ ಜಾಗ. ಆ ದಿನದ ಸ್ಪರ್ಧೆಯಲ್ಲಿ ಇವರಿಬ್ಬರಲ್ಲಿ ಯಾರು ಮುಂದೋ ಅವಳಿಗೆ. ಉಲ್ಬೋಸಿನ್‌ಗೆ ಮೂವತ್ತನಾಲ್ಕು ದಾಟಿತ್ತು. ಒಮ್ಮೆ ಬಸಿರಿನಿಂದ, ಒಮ್ಮೆ ಮೊಣಕಾಲಿನ ಪೆಟ್ಟಿನಿಂದ ಜಾಗ ತಪ್ಪಿತ್ತು. ಈ ಸಲ ತಪ್ಪಿದರೆ ಮುಗಿಯಿತು.

ಸ್ಕೀ ಮೇಲೆ ಅವಳೇ ಮುಂದಿದ್ದಳು. ಆದರೆ ಮೊದಲ ಸಲ ಗುಂಡು ಹೊಡೆದಾಗ ಒಂದು ತಪ್ಪಿತ್ತು. ತಪ್ಪಿದ ಗುಂಡು ಯಾವ ಕಡೆ ಹೋಯಿತೆಂದು ಹೊಡೆದವಳಿಗೆ ಕಾಣುವುದಿಲ್ಲ, ಹಿಂದೆ ದುರ್ಬೀನು ಹಿಡಿದು ನಿಂತ ಕೋಚ್‌ಗೆ ಮಾತ್ರ ಕಾಣುತ್ತದೆ. ಬಂದೂಕಿನ ತಿರುಪನ್ನು ಯಾವ ಕಡೆಗೆ ಎಷ್ಟು ಹಲ್ಲು ತಿರುಗಿಸಬೇಕೆಂದು ಅವನು ದಾರಿಯಲ್ಲಿ ಕೂಗಿ ಹೇಳಬೇಕು, ಅವಳು ಅಷ್ಟೇ ತಿರುಗಿಸಬೇಕು.

ಏರಿನಲ್ಲಿ ಬೆರ್ದಿಬೆಕ್ ಅವಳ ಪಕ್ಕದಲ್ಲೇ ಓಡಿದ. "ಬಲಕ್ಕೆ ನಾಲ್ಕು! ಕೇಳಿಸ್ತಾ? ಬಲಕ್ಕೆ ನಾಲ್ಕು!"

ಎರಡನೇ ಸಲ ಗುರಿಯ ಮುಂದೆ ಮಲಗಿದಾಗ ಗಾಳಿಯ ದಿಕ್ಕು ತೋರುವ ಬಾವುಟ ಕಂಡಿತು. ಗಾಳಿಯೇ ಗುಂಡನ್ನು ಬಲಕ್ಕೆ ತಳ್ಳುವಂತೆ ಬೀಸುತ್ತಿತ್ತು. ತಿರುಗಿಸಬೇಕಾದದ್ದು ಎಡಕ್ಕೆ, ನಿನ್ನೆ ಬಂದೂಕು ಹಿಡಿದವರಿಗೂ ಗೊತ್ತಾಗುವ ವಿಷಯ. ಅವಳ ಬೆರಳು ಎಡಕ್ಕೇ ಹೋಗಿ ನಿಂತಿತು. ಭಾವ ಹೇಳಿದ್ದಾರೆ. ಕಣ್ಣಾರೆ ನೋಡಿ ಹೇಳಿದ್ದಾರೆ. ಬಲಕ್ಕೆ ನಾಲ್ಕು ತಿರುಗಿಸಿದಳು.

ಐದು ಗುಂಡು ಹಾರಿದವು, ತಾಗಿದರೆ ಬೆಳ್ಳಗಾಗಬೇಕಾದ ಐದು ಗುರಿಗಳೂ ಕಪ್ಪಗೇ ಉಳಿದವು. ತಪ್ಪಿದ ಪ್ರತಿ ಗುಂಡಿಗೂ ಒಂದು ದಂಡದ ಸುತ್ತು. ಅವಳು ಗಾಣದ ಎತ್ತಿನ ಹಾಗೆ ಸುತ್ತುತ್ತಿರುವಾಗ ಅಕ್ಮಾರಲ್ ಬಂದಳು, ಹೊಡೆದಳು, ಹೋದಳು.

ಸಂಜೆ ಮನೆಯಲ್ಲಿ ಔತಣ. ಒಲಿಂಪಿಕ್ಸ್ ಜಾಗ ಗೆದ್ದ ಮೊಮ್ಮಗಳು ಅಕ್ಮಾರಲ್‌ಳ ತಲೆಯ ಮೇಲೆ ಅತ್ತೆ ಶುಭಕ್ಕೆಂದು ಮಿಠಾಯಿ ಎರಚಿದರು. ಚಹಾ ಬಗ್ಗಿಸುವುದು ಸೊಸೆಯ ಕೆಲಸ, ಉಲ್ಬೋಸಿನ್ ಬಗ್ಗಿಸಿದಳು.

"ಐದಕ್ಕೆ ಐದೂ ತಪ್ಪಿಸೋದು ಅಂದ್ರೆ ಅದೂ ಒಂದು ವಿದ್ಯೆನೇ ಬಿಡಿ," ಎಂದು ನೆರೆಮನೆಯ ಮುದುಕ ನಕ್ಕ.

ಅವಳಿಗೆ ತಡೆಯಲಾಗಲಿಲ್ಲ. "ಭಾವ, ಗಾಳಿ ಬಲಕ್ಕೇ ಬೀಸ್ತಿತ್ತಲ್ವಾ?"

"ಶುಭ ನಡೆಯೋ ಹೊತ್ತಲ್ಲಿ ಇದೆಂಥ ಮಾತು? ಚಹಾ ಬಗ್ಸು," ಎಂದರು ಅತ್ತೆ.

"ಬಾವುಟ ಕಾಣ್ತಿತ್ತು ತಾನೆ?" ಗಂಡ ಕೆನೆಸ್ ಗದರಿದ. "ಮತ್ಯಾಕೆ ಅಣ್ಣನ ಮಾತು ಕೇಳ್ದೆ? ಮಾಡೋದೆಲ್ಲ ಮಾಡಿ ಈಗ ಅಳು."

ಬೆರ್ದಿಬೆಕ್‌ಗೆ ಕೋಪವೇ ಬರಲಿಲ್ಲ. ಕುದುರೆಮಾಂಸದ ತುಂಡು ಅಗಿಯುತ್ತ ಹೇಳಿದ: "ಬಯ್ಬೇಡ್ವೋ ಅವಳನ್ನ. ಬೇರೆ ಯಾವಳಾದ್ರೂ ಆಗಿದ್ರೆ ಎಡಕ್ಕೇ ತಿರುಗಿಸ್ತಿದ್ಲು. ಇವಳು ನಮ್ಮನೆ ಸೊಸೆ, ನನ್ನ ಮಾತು ಮೀರ್ಲಿಲ್ಲ. ಇಂಥ ಸೊಸೆ ಸಿಗೋಕೆ ಪುಣ್ಯ ಮಾಡಿರ್ಬೇಕು."

ಎಲ್ಲರೂ ಹೌದೌದೆಂದು ತಲೆಯಾಡಿಸಿದರು. ಒಬ್ಬರಿಗೂ ಆಶ್ಚರ್ಯವಾಗಲಿಲ್ಲ. ಥೂ, ಎಂಥ ಜನ!

ಊಟವಾದ ಮೇಲೆ ಬೆರ್ದಿಬೆಕ್ ಅವಳ ಬಂದೂಕನ್ನು ತರಿಸಿದ. ತಂಡದಲ್ಲಿ ಅದಕ್ಕಿಂತ ಒಳ್ಳೆಯದು ಇರಲಿಲ್ಲ, ಇನ್ನು ಅದು ಮಗಳಿಗೆ ಬೇಕು. ಅದರ ಹಿಂಬದಿಯ ಮರವನ್ನು ಉಲ್ಬೋಸಿನ್ ತನ್ನ ಕೆನ್ನೆಗೆ ಸರಿಯಾಗಿ ಕೂರುವಂತೆ ವರ್ಷಗಟ್ಟಲೆ ಉಜ್ಜಿ ಉಜ್ಜಿ ತಿದ್ದಿದ್ದಳು. ಅಕ್ಮಾರಲ್ ಕೆನ್ನೆಯಿಟ್ಟು ನೋಡಿ ಮುಖ ಸಿಂಡರಿಸಿದಳು. "ಇಲ್ಲಿ ಒತ್ತುತ್ತೆ, ಚಿಕ್ಕಮ್ಮ."

ಬೆರ್ದಿಬೆಕ್ ಗರಗಸ ತಂದು, ಮರವನ್ನು ಮೇಜಿನ ಅಂಚಿಗಿಟ್ಟ.

"ಅಲ್ಲಾಡ್ದಂಗೆ ಹಿಡ್ಕೋ ಬಾಮ್ಮ. ನಿನ್ನಷ್ಟು ಗಟ್ಟಿ ಕೈ ಈ ಮನೇಲಿ ಇನ್ಯಾರಿಗಿದೆ?"

ಅವಳು ಎರಡೂ ಕೈಯಿಂದ ಹಿಡಿದಳು. ಮರದ ಹುಡಿ ಅವಳ ತೋಳಿನ ಮೇಲೆ ಉದುರತೊಡಗಿತು.

"ಇನ್ನೂ ಸ್ವಲ್ಪ," ಎಂದಳು ಅಕ್ಮಾರಲ್.