ಎಂಟು ಕಾಲಿನ ಮೃಗ

ಜವರಯ್ಯ ಚಟ್ಟದ ಕೊನೆಯ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಬಿಗಿಯುತ್ತಿದ್ದಾಗ ರೇವಮ್ಮ ಒಳಗಿನಿಂದ ಬಂದು ಅವನ ಮುಂದೆ ಪುಸ್ತಕ ಹಿಡಿದಳು. ಗಂಡ ಬೋರಯ್ಯ ಸತ್ತು ಒಂದು ದಿನವೂ ಆಗಿರಲಿಲ್ಲ.

"ಜವರಣ್ಣ, ಇದ್ರಾಗೆ ಎರಡು ಎಲೆ ಓದ್ಬುಡು. ಆಮ್ಯಾಕೆ ಎತ್ಲಿ."

"ಈಗ್ಲಾ? ಒತ್ತು ಏರ್ತಾ ಅದೆ ಕಣಮ್ಮ."

"ಅನ್ನೊಂದು ವರ್ಸ ಕೇಳ್ಕಂಡ್ರು. ಒಂದ್ ದಿನನಾರೂ ಓದಿದ್ಯಾ? ಇವತ್ತಾದ್ರೂ ಕೇಳಿಸ್ಕಂಡು ಓಗ್ಲಿ."

ತಮಟೆ ನಿಂತಿತು. ಊರ ಯಜಮಾನ ಕರಿಸಿದ್ದಯ್ಯ ಜಗಲಿಯ ಮೇಲಿಂದಲೇ ಗದರಿದ: "ಓದ್ಲಾ. ಸತ್ತೋನ ಆಸೆ ಉಳಿಸ್ಬಾರ್ದು."

ನಿಡಘಟ್ಟದ ಆಚೆಗಿನ ಆ ಪುಟ್ಟ ಹಳ್ಳಿಯಲ್ಲಿ ಓದು ಬಲ್ಲವನು ಜವರಯ್ಯ ಒಬ್ಬನೇ. ಊರಿಗೆ ಊರೇ ಹಾಗೆ ನಂಬಿತ್ತು. ಅವನಿಗೆ ಒಂದಕ್ಷರವೂ ಬರುತ್ತಿರಲಿಲ್ಲ.

*

ಓದು ಬರುತ್ತಿದ್ದುದು ಅವನ ಅಪ್ಪನಿಗೆ. ಸುಗ್ಗಿ ಮುಗಿದ ಮೇಲೆ ಊರವರು ಗುಡಿಯ ಮುಂದೆ ಸೇರಿ ಈ ವರ್ಷ ಯಾವ ಪುಸ್ತಕ ಕೇಳುವುದೆಂದು ಗೊತ್ತು ಮಾಡುವುದು, ಅಪ್ಪ ಸಂಜೆ ಸಂಜೆ ಓದಿ ಅರ್ಥ ಹೇಳುವುದು ಲಾಗಾಯ್ತಿನಿಂದ ಬಂದ ರೂಢಿ. ಅಪ್ಪ ಸತ್ತ ವರ್ಷ ಹದಿನಾಲ್ಕರ ಜವರಯ್ಯನ ತೊಡೆಯ ಮೇಲೆ ಊರವರು ಹಳೆಯ ಪುರಾಣವನ್ನು ತಂದಿಟ್ಟರು. ಕೇಳಿ ಕೇಳಿ ಬಾಯಿಪಾಠವಾಗಿತ್ತು. ಹೇಳಿಬಿಟ್ಟ. ಎಲ್ಲಿ ಎಲೆ ಮಗುಚಬೇಕೆಂಬುದೂ ಗೊತ್ತಿತ್ತು. ಮೊದಲ ವೀಳ್ಯ ಅವನ ಕೈಗೆ ಬಂತು. ಆಮೇಲೆ ಆ ಸುಳ್ಳು ಬಾಯಲ್ಲಿಟ್ಟ ಬಿಸಿ ತುಪ್ಪವಾಯಿತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ನಲವತ್ತು ವರ್ಷ ಅವನು ಅದೊಂದೇ ಪುಸ್ತಕವನ್ನು ಓದಿದ.

ಬೋರಯ್ಯ ಎತ್ತುಗಳಿಗೆ ಲಾಳ ಕಟ್ಟುವವನು. ಬೆಂಗಳೂರು-ಮೈಸೂರು ರಸ್ತೆಯ ಬದಿಯ ಹುಣಸೆಮರದಡಿ ಎತ್ತನ್ನು ಕೆಡವಿ, ಕಾಲು ಕಟ್ಟಿ, ಗೊರಸು ಹೆರೆದು ಮೊಳೆ ಹೊಡೆಯುತ್ತಿದ್ದ. ಒಮ್ಮೆ ಮೈಸೂರಿನ ಕಡೆ ಹೊರಟಿದ್ದ ಪುಸ್ತಕದ ವ್ಯಾಪಾರಿಯೊಬ್ಬನ ಗಾಡಿ ಅಲ್ಲಿ ನಿಂತಿತು. ಬೋರಯ್ಯ ಜೋಡಿ ಎತ್ತಿಗೆ ಲಾಳ ಕಟ್ಟಿ, ಕೂಲಿಯ ಬದಲು ಒಂದು ಪುಸ್ತಕ ಇಸಿದುಕೊಂಡ. ಅದರ ತುಂಬ ಪ್ರಾಣಿಗಳು. ಮೊದಲರ್ಧ ಆನೆ, ಕತ್ತೆಕಿರುಬ, ಮೊಸಳೆ. ಉಳಿದರ್ಧ ಯಾರೂ ಕಣ್ಣಾರೆ ಕಾಣದ ಯಾಳಿ, ಮಕರ, ಗಂಡಭೇರುಂಡ.

"ಇದ್ಯಾವ್ದು ಜವರಣ್ಣ, ಎಂಟು ಕಾಲಿಂದು?"

ಪುರಾಣ ಕೇಳಿದ್ದ ಜವರಯ್ಯ ಚಿತ್ರ ನೋಡಿಯೇ ಹೇಳಿದ: "ಶರಭ ಕಣ್ಲಾ."

"ಎಂಟು ಕಾಲು! ಸೀಳುಗೊರಸೋ, ಒಂಟಿಗೊರಸೋ? ಸೀಳಾದ್ರೆ ಅದ್ನಾರು ಲಾಳ ಬೇಕಾಯ್ತದೆ. ಬರೆದವ್ರಾ ನೋಡು."

ಚಿತ್ರದಲ್ಲಿ ಪಾದಗಳು ಹುಲ್ಲಿನಲ್ಲಿ ಹೂತುಹೋಗಿದ್ದವು. ಕೆಳಗೆ ಒತ್ತೊತ್ತಾಗಿ ಏಳೆಂಟು ಸಾಲು ಅಕ್ಷರ. ಜವರಯ್ಯ ಪುಸ್ತಕ ಮುಚ್ಚಿ, "ಇವೆಲ್ಲ ಊರೋರ್ ಮುಂದೆ ಕುಂತು ಓದೋವು" ಎಂದ.

ಆ ಸುಗ್ಗಿಗೆ ಬೋರಯ್ಯ ಪುಸ್ತಕವನ್ನು ಪಂಚೆಯಲ್ಲಿ ಸುತ್ತಿಕೊಂಡು ಗುಡಿಯ ಮುಂದೆ ಬಂದ. ಜವರಯ್ಯ ನಕ್ಕುಬಿಟ್ಟ. "ದೇವ್ರ ಎದುರ್ಗೆ ನರಿ ನಾಯಿ ಕತೆ ಓದಿದ್ರೆ ಮಳೆ ಬತ್ತದೇನ್ರಪ್ಪಾ?" ಊರೆಲ್ಲ ನಕ್ಕಿತು. ಬೇಕೆಂದು ಕೈಯೆತ್ತಿದವನು ಬೋರಯ್ಯ ಒಬ್ಬನೇ. ಮರುವರ್ಷವೂ ಒಬ್ಬನೇ. ಮಹಾಯುದ್ಧ ಬಂದು ಸೀಮೆಎಣ್ಣೆ ಸಿಗದಾದಾಗ, "ಹೊಂಗೆಣ್ಣೆ ದೀಪ್ದಾಗೆ ಇಷ್ಟು ಸಣ್ಣ ಅಕ್ಸರ ಕಾಣಾಕಿಲ್ಲ" ಎಂದು ಜವರಯ್ಯ ನೆಪ ಹೇಳಿದ. ಯುದ್ಧ ಮುಗಿಯಿತು. ಬೋರಯ್ಯ ಒಂದು ವರ್ಷವೂ ತಪ್ಪಿಸಲಿಲ್ಲ, ಪುಣ್ಯಾತ್ಮನಿಗೆ ಒಂದು ದಿನ ಸಿಟ್ಟೂ ಬರಲಿಲ್ಲ. "ಓಗ್ಲಿ ಬುಡಣ್ಣ, ಮುಂದ್ಲು ಸುಗ್ಗಿಗೆ ನೋಡನ" ಎಂದು ಪುಸ್ತಕ ಸುತ್ತಿಕೊಂಡು ಮನೆಗೆ ಹೋಗುತ್ತಿದ್ದ. ಈ ಸಲ ಸುಗ್ಗಿ ಇನ್ನೂ ಮುಗಿದಿರಲಿಲ್ಲ. ಲಾಳ ಕಟ್ಟುವಾಗ ಎತ್ತೊಂದು ಎದೆಗೆ ಒದ್ದಿತು. ಮೂರು ದಿನ ಮಲಗಿದ್ದು ಹೋದ.

*

"ಕಣ್ಣು ಮಂಜು. ಕನ್ನಡ್ಕ ತಂದಿಲ್ಲ" ಎಂದ ಜವರಯ್ಯ.

"ನೀನ್ ಕನ್ನಡ್ಕ ಆಕಿದ್ನ ನಾನೆಂದೂ ಕಂಡಿಲ್ವಲ್ಲಣ್ಣ" ಎಂದಳು ರೇವಮ್ಮ. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ಅವನಿಗೆ ಇನ್ನಷ್ಟು ಉರಿಯಿತು.

ಹೆಣದ ತಲೆದೆಸೆಯಲ್ಲಿ ಕೂತು ಪುಸ್ತಕ ಬಿಚ್ಚಿದ. ಬೋರಯ್ಯನ ಬೆರಳಾಡಿ ಕರ್ರಗಾಗಿದ್ದ ಎಲೆ ತಾನಾಗಿ ತೆರೆದುಕೊಂಡಿತು. ಎಂಟು ಕಾಲು, ಕೆಳಗೆ ಏಳೆಂಟು ಸಾಲು. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಅಪ್ಪ ಓದುತ್ತಿದ್ದ ರಾಗದಲ್ಲೇ ಶುರು ಮಾಡಿದ:

"ಶರಭವೆಂಬ ಮೃಗಕ್ಕೆ ಎಂಟು ಕಾಲುಗಳು. ಎಂಟೂ ಸೀಳುಗೊರಸು. ಲಾಳ ಕಟ್ಟುವುದಾದರೆ ಹದಿನಾರು ಲಾಳ ಬೇಕು. ಅಷ್ಟನ್ನೂ ಕಟ್ಟಬಲ್ಲ ಕುಶಲಿಗೆ ಅದು ತಾನಾಗಿ ಕಾಲು ಕೊಡುತ್ತದೆ, ಒದೆಯುವುದಿಲ್ಲ."

ರೇವಮ್ಮ ಹೆಣದ ಎದೆಯ ಮೇಲೆ ಬಿದ್ದಳು. "ಕೇಳಿಸ್ತಾ? ಅದ್ನಾರಂತೆ! ನೀನೂ ಅದ್ನಾರೇ ಅಂತಿದ್ದಲ್ಲೋ ನಮ್ಮಪ್ಪಾ!"

ಊರಲ್ಲೇ ಕಲ್ಲೆದೆಯವನೆನಿಸಿದ್ದ ಹುಚ್ಚೀರಯ್ಯನೂ ಟವಲು ಮುಖಕ್ಕೆ ಒತ್ತಿಕೊಂಡ. ಜವರಯ್ಯನಿಗೆ ಅಳು ಬರಲಿಲ್ಲ. ಇಷ್ಟೇ ಸುಳ್ಳನ್ನು ಹನ್ನೊಂದು ವರ್ಷದ ಹಿಂದೆ ಹುಣಸೆಮರದಡಿ ಹೇಳಿದ್ದರೆ ಆ ಮನುಷ್ಯ ಕುಣಿದಾಡುತ್ತಿದ್ದ. ಅಷ್ಟನ್ನೂ ಕೊಡಲಿಲ್ಲವಲ್ಲ, ಥೂ ನನ್ನ ಜನ್ಮಕ್ಕೆ, ಎಂದುಕೊಂಡ.

ಹೆಣ ಎತ್ತಿದರು. ಹೊಲದ ಮೂಲೆಯಲ್ಲಿ ಗುಣಿ ತೋಡಿ ಕಾಯುತ್ತಿದ್ದರು. ಹೆಂಗಸರು ಬದುವಿನ ಮೇಲೆ ನಿಂತರು. ಬೋರಯ್ಯನನ್ನು ಇಳಿಸಿದ ಮೇಲೆ ಗಂಡಸರೆಲ್ಲ ಬಗ್ಗಿ ಹಿಡಿ ಹಿಡಿ ಮಣ್ಣು ತೆಗೆದುಕೊಂಡರು. ಕರಿಸಿದ್ದಯ್ಯ ಹಾಕಲಿಲ್ಲ, ತಡೆದ.

"ನೋಡ್ರಪ್ಪಾ, ನಾವೆಲ್ಲ ಸೇರ್ಕಂಡು ಇವನ್ನ ನಗಾಡ್ಬುಟ್ವಿ. ತಪ್ಪಾಯ್ತು. ಈ ಸುಗ್ಗಿಗೆ ಬೋರನ ಪುಸ್ತಕಾನೇ ಕೇಳನ. ಮೊದಲ್ನೆ ಎಲೆಯಿಂದ ಕೊನೆ ಎಲೆಗಂಟ, ಒಂದಕ್ಸರ ಬುಡ್ದಂಗೆ. ಇವನ ಎದುರ್ಗೇ ಕೈ ಎತ್ಬುಡಿ, ಯಾರ್ಯಾರು ಒಪ್ತೀರಿ?"

ಗುಣಿಯ ಸುತ್ತ ಕೈಗಳೆದ್ದವು, ಒಂದೂ ತಪ್ಪದೆ. ಬದುವಿನ ಮೇಲೆ ರೇವಮ್ಮನೂ ಕೈಯೆತ್ತಿದ್ದಳು.

"ಓದೋನು ನೀನು. ನೀನೇನಂತೀಯ ಜವರಾ?"

ಜವರಯ್ಯ ಕೆಳಗೆ ನೋಡಿದ. ಬಿಳಿ ಬಟ್ಟೆ ಸುತ್ತಿದ ಬೋರಯ್ಯ ಮಲಗಿದ್ದ. ಮಣ್ಣು ಹಿಡಿದ ಕೈಯನ್ನು ಮೆಲ್ಲಗೆ ಮೇಲಕ್ಕೆತ್ತಿದ. ಬೆರಳ ಸಂದಿಯಿಂದ ಮಣ್ಣು ಸೋರಿ, ತೋಳಿನುದ್ದಕ್ಕೂ ಅಂಗಿಯ ಒಳಕ್ಕೆ ಇಳಿಯತೊಡಗಿತು.