ಅಳಿಸದ ಸಾಲು

ಮತ್ತೆ ಮಿಂಚಿತು. ಪರದೆಯ ಮೇಲೆ ಏನೋ ಸಾಲುಸಾಲಾಗಿ ಮೂಡಿ, ರೆಪ್ಪೆ ಬಡಿಯುವಷ್ಟರಲ್ಲಿ ಅಳಿಸಿಹೋಗಿ, ನೀರಿನ ಮಟ್ಟ ಬರೆದಿಡುವ ಪುಟ ತೆರೆದುಕೊಂಡಿತು.

"ನೋಡಿದ್ರಾ ಮಾಮ? ಈಗ್ಲಾದ್ರೂ ನೋಡಿದ್ರಾ?"

ಸ್ಕ್ರೂ ಮಾಮ ನೋಡಿರಲಿಲ್ಲ. ಮೇಜಿನ ಕೆಳಗೆ ತಲೆ ತೂರಿಸಿ ತಂತಿ ಹುಡುಕುತ್ತಿದ್ದ. ನೀರು ಸರಬರಾಜು ಕೇಂದ್ರದ ಯಂತ್ರಗಳನ್ನೆಲ್ಲ ರಿಪೇರಿ ಮಾಡುವವನು ಅವನೇ. ಜೇಬು ಸದಾ ಗಲಗಲ ಎನ್ನುತ್ತಿದ್ದುದರಿಂದ ಅಂಟಿಕೊಂಡ ಹೆಸರು ಅದು.

"ನಿಂಗೆ ನಿದ್ದೆ ಸಾಲ್ತಿಲ್ಲ ಕಣಮ್ಮ" ಎಂದ ಒಳಗಿನಿಂದಲೇ.

ನಿದ್ದೆ ಸಾಲುತ್ತಿಲ್ಲ ಎಂಬುದೇನೋ ನಿಜ. ನಾಲ್ಕು ತಿಂಗಳಿಂದ, ಅಂದರೆ ಅಕ್ಕ ತೀರಿಹೋದಾಗಿನಿಂದ, ಪ್ರತಿ ಬೆಳಿಗ್ಗೆ ಈ ಮಿಂಚು ಕಂಡೊಡನೆ ತಂಗಿ ಕುರ್ಚಿಯಿಂದ ಎದ್ದುಬಿಡುತ್ತಿದ್ದಳು. ಅಕ್ಕ ಏನೋ ಹೇಳುತ್ತಿದ್ದಾಳೆ ಎಂದರೆ ಗಂಡ ಮೊದಮೊದಲು ನಕ್ಕ. ಆಮೇಲೆ ನಗುವುದನ್ನೂ ಬಿಟ್ಟ.

ಅಕ್ಕ ತಂಗಿ ಇಬ್ಬರದೂ ಇದೇ ಕುರ್ಚಿ. ಬೆಳಿಗ್ಗೆ ಬಂದು ಲೆಕ್ಕ ಬರೆಯುವ ಎಡಿಟರ್ ತಂತ್ರಾಂಶ ತೆರೆಯುವವಳು ತಂಗಿ, ಸಂಜೆ ಪಾಳಿ ಮುಗಿಸಿ ಮುಚ್ಚುವವಳು ಅಕ್ಕ. ಹೊರಡುವ ಮುಂಚೆ ಅಕ್ಕ ಎಡಿಟರ್ ತೆರೆದಾಗಲೆಲ್ಲ ಮೊದಲು ಓದಿ ತೋರಿಸುವ ಆರಂಭದ ಕಡತದಲ್ಲಿ ಒಂದು ಸಾಲು ಸೇರಿಸುತ್ತಿದ್ದಳು. ಆ ಪರದೆಗೆ ನಮ್ಮ ಅಕ್ಷರ ಬಾರದು, ಆದ್ದರಿಂದ ಇಂಗ್ಲಿಷ್ ಅಕ್ಷರಗಳಲ್ಲೇ ನಮ್ಮ ಮಾತು. ಮರುದಿನ ಬೆಳಿಗ್ಗೆ ಅದು ತಂಗಿಯ ಕಣ್ಣೆದುರು ನಿಲ್ಲುತ್ತಿತ್ತು. ಓದಿದ ತಂಗಿ ಅದನ್ನು ಅಳಿಸಬೇಕು. ಅಳಿಸಿದರೆ ಓದಿದ್ದೇನೆ, ಒಪ್ಪಿದ್ದೇನೆ ಎಂದು ಅರ್ಥ. ಹದಿನಾರು ವರ್ಷ ಹೀಗೇ ನಡೆದಿತ್ತು.

ಆಮೇಲೆ ಒಂದು ದಿನ ತಂಗಿ ಕವಾಟ ಮುಚ್ಚಲು ಮರೆತಳು. ಟ್ಯಾಂಕು ತುಂಬಿ ಹರಿಯಿತು. ಅಕ್ಕ ಅದನ್ನು ಇದ್ದದ್ದು ಇದ್ದ ಹಾಗೆ ವರದಿ ಮಾಡಿದಳು, ತಂಗಿಗೆ ಮೇಲಿನಿಂದ ಛೀಮಾರಿ ಬಂತು. ಒಡಹುಟ್ಟಿದವಳೇ ಹೀಗೆ ಮಾಡಿದಳಲ್ಲ ಎಂದು ಅವಳು ಮಾತು ಬಿಟ್ಟಳು. ಹಟಕ್ಕೆ ಬಿದ್ದವಳಂತೆ ಹಳೆಯ ಪರದೆಯನ್ನೂ ತೆಗೆಸಿ ಹೊಸದು ಹಾಕಿಸಿಕೊಂಡಳು. ಅದೇ ವಾರದಿಂದ ಅಕ್ಕನ ಸಾಲುಗಳೂ ನಿಂತುಹೋದವು. ಅವಳಿಗಿಷ್ಟು ಬಿಗುಮಾನವಾದರೆ ನನಗೆಷ್ಟಿರಬೇಡ ಎಂದುಕೊಂಡಳು ತಂಗಿ. ಪಾಳಿ ಬದಲಾಗುವಾಗ ಅಕ್ಕ ಬಾಗಿಲಲ್ಲಿ ನಿಂತು ಮುಖವನ್ನೇ ನೋಡುತ್ತಿದ್ದಳು. ಇವಳು ಕೈಚೀಲ ಎತ್ತಿಕೊಂಡು ದುರುದುರು ಹೊರಟುಬಿಡುತ್ತಿದ್ದಳು. ಒಂದು ಗುರುವಾರ ಅಕ್ಕ ಒಬ್ಬಳೇ ಆಸ್ಪತ್ರೆಗೆ ಹೋದಳು. ಅಲ್ಲಿಯ ಮೆಟ್ಟಿಲ ಮೇಲೇ ಕುಸಿದುಬಿದ್ದಳು, ಮತ್ತೆ ಏಳಲಿಲ್ಲ.

ನನ್ನನ್ನು ಕ್ಷಮಿಸದೇ ಹೋದಳೇ? ತಂಗಿಗೆ ಬೇಕಿದ್ದ ಉತ್ತರ ಇದೊಂದೇ. ಕೇಳುವುದು ಯಾರನ್ನು?

ಮಾಮ ಹೊರಬಂದು ಸೊಂಟ ನೆಟ್ಟಗೆ ಮಾಡಿಕೊಂಡ. "ಹೊಸದನ್ನ ಬಿಚ್ಚಿ ನೋಡ್ತೀನಿ. ಅಲ್ಲೀವರೆಗೂ ಹಳೇ ಮುದುಕಿನೇ ಇಟ್ಕೋ." ಉಗ್ರಾಣದಿಂದ ಹಳೆಯ ಪರದೆಯನ್ನು ಹೊತ್ತು ತಂದು, ಅಂಗಿಯ ತೋಳಿನಿಂದ ಧೂಳು ಒರೆಸಿ ಜೋಡಿಸಿದ. "ಈ ಎಡಿಟರಿಗೆ ಬಾಯಿಬಡುಕಿ ಅವತಾರ ಒಂದಿದೆ. ಕೇಳಿದ್ರೆ, ಎದ್ದಾಗಿಂದ ಏನೇನು ಮಾಡ್ದೆ ಅಂತ ಒಂದೂ ಬಿಡದೆ ಒದರುತ್ತೆ. ಮಿಂಚೋದೇನು ಅಂತ ಗೊತ್ತಾಗುತ್ತೆ ತಾಳು."

ಹಸಿರು ಅಕ್ಷರಗಳು ನಿಧಾನವಾಗಿ ಇಳಿಯತೊಡಗಿದವು. ಎಡಿಟರ್ ಮೊದಲು ಪರದೆಗೆ ಏನೇನು ಬರುತ್ತದೆಂದು ವಿಚಾರಿಸಿಕೊಂಡಿತು. ಬಣ್ಣ: ಇಲ್ಲ. ಗಂಟೆ ಬಾರಿಸುವುದು: ಇದೆ. ಪರದೆ ಒರೆಸುವುದು: ಇಲ್ಲ. ಸಾಲು ಅಳಿಸುವುದು: ಇಲ್ಲ.

"ಪಾಪ, ಮುದುಕಿಗೆ ಒರೆಸೋಕೇ ಬರಲ್ಲ" ಎಂದ ಮಾಮ. "ಏನಾದ್ರೂ ಅಳಿಸ್ಬೇಕಂದ್ರೆ ಪ್ರತಿ ಅಕ್ಷರದ ಮೇಲೂ ಒಂದೊಂದೇ ಖಾಲಿ ಜಾಗ ಬರೀಬೇಕು. ಹೊಸದು ಅದರಲ್ಲಿ ಭಾರಿ ಜಾಣೆ. ಎಡಿಟರ್ ಶುರುವಿನ ಮಾತು ಆಡಿ ಮುಗಿಸೋಕ್ಕಿಲ್ಲ, ಬಳ್ದು ಹಾಕ್ಬಿಡುತ್ತೆ. ಅದೇ ನೋಡು ನಿನ್ನ ಮಿಂಚು. ದೆವ್ವಾನೂ ಇಲ್ಲ, ಭೂತಾನೂ ಇಲ್ಲ."

ಆರಂಭದ ಕಡತ ಓದುತ್ತಿದ್ದೇನೆ ಎಂದಿತು ಎಡಿಟರ್. ಅದರ ಕೆಳಗೆ ಅಕ್ಕ ಮಾತಾಡತೊಡಗಿದಳು.

"ಎರಡನೇ ಪಂಪು ಬಿಸಿ ಆಗ್ತಿದೆ, ನೋಡ್ಕೋ."

"ಸಿಟ್ಟೇನೇ?"

"ಕೆಳಗಿನ ಬೀದಿ ಮನೆಗಳಿಗೆ ನೀರು ನುಗ್ಗಿತ್ತು, ಹೇಗೆ ಮುಚ್ಚಿಡ್ಲಿ? ಆದ್ರೂ ಮೊದ್ಲು ನಿಂಗೆ ಹೇಳ್ಬೇಕಿತ್ತು. ತಪ್ಪು ನಂದೇ."

"ಇದನ್ನೂ ಅಳಿಸಿಲ್ಲ. ಇರ್ಲಿ, ಕಾಯ್ತೀನಿ."

ಹನ್ನೊಂದು ಸಾಲುಗಳಿದ್ದವು. ಕೊನೆಯದು ಎಲ್ಲಕ್ಕಿಂತ ಉದ್ದ.

"ಗುರುವಾರ ಹತ್ತು ಗಂಟೆಗೆ ಆಸ್ಪತ್ರೆಗೆ ಹೋಗ್ತೀನಿ, ಎದೆನೋವು. ಒಬ್ಳೇ ಹೋಗೋಕೆ ಭಯ ಕಣೆ. ಜೊತೆಗೆ ಬರ್ತೀಯಾ? ಬಾಯ್ಬಿಟ್ಟು ಏನೂ ಹೇಳ್ಬೇಡ. ಈ ಸಾಲು ಅಳಿಸು, ಸಾಕು."

ಅಳಿಸಿದೆಯೇ ಎಂದು ಮಂಗಳವಾರ ಸಂಜೆ ಅಕ್ಕ ಕಡತ ತೆರೆದು ನೋಡಿರುತ್ತಾಳೆ. ಬುಧವಾರವೂ ನೋಡಿರುತ್ತಾಳೆ. ಸಾಲು ಹಾಗೇ ಇದ್ದಿರುತ್ತದೆ. ಕ್ಷಮಿಸದೇ ಹೋದಳೇ ಎಂದು ಇಷ್ಟು ದಿನ ತಂಗಿ ಕೊರಗಿದ್ದಳಲ್ಲ, ಕ್ಷಮೆ ಸಿಗದೆ ಹೋದವಳು ಅಕ್ಕ.

"ಏನಮ್ಮ ಅದು, ಯಾರದ್ದೋ ಕಾಗದ ಇದ್ದಂಗಿದೆ?" ಕನ್ನಡಕ ಹುಡುಕುತ್ತ ಕೇಳಿದ ಮಾಮ.

"ನಂದೇ ಮಾಮ. ನಂಗೇ ಬಂದಿದ್ದು."

ಅವಳು ಕಡತ ತೆರೆದು ಕೊನೆಯ ಸಾಲಿಗೆ ಇಳಿದಳು. ಅಳಿಸಿದರೆ ಅಕ್ಕನ ಕೊನೆಯ ಮಾತೇ ಇಲ್ಲವಾಗುತ್ತದೆ. ಅಳಿಸದಿದ್ದರೆ ಉತ್ತರ ಕೊಟ್ಟಂತಾಗುವುದಿಲ್ಲ. ಬೆರಳು ಬಹಳ ಹೊತ್ತು ಕೀಲಿಯ ಮೇಲೇ ಇತ್ತು. ಮಾಮ ಮತ್ತೆ ನೆಲದ ಮೇಲೆ ಕೂತು ಹೊಸ ಪರದೆಯ ಬೆನ್ನು ಬಿಚ್ಚತೊಡಗಿದ್ದ.

ಅವಳು ಕೀಲಿ ಒತ್ತಿದಳು. ಒರೆಸಲು ಬಾರದ ಪರದೆ ಎಡತುದಿಯಿಂದ ಒಂದೊಂದೇ ಅಕ್ಷರವನ್ನು ಖಾಲಿ ಮಾಡುತ್ತ ಹೊರಟಿತು. ಗುರುವಾರ ಹೋಯಿತು, ಭಯ ಹೋಯಿತು. ಕೊನೆಗೆ ಸಾಕು ಎಂಬುದೊಂದು ಉಳಿದು, ಅದೂ ಹೋಯಿತು.

"ಎಲ್ಲಿಗೆ ಹೊರಟ್ಯಮ್ಮ?" ಎಂದು ಮಾಮ ಕೇಳಿದಾಗಲೇ ಅವಳಿಗೆ ತಿಳಿದದ್ದು, ತಾನು ಕೈಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದೇನೆಂದು. ಗೋಡೆಯ ಗಡಿಯಾರದಲ್ಲಿ ಹತ್ತಕ್ಕೆ ಇನ್ನೂ ಐದು ನಿಮಿಷವಿತ್ತು.